ತಂಬಿಗೆಯಿಂದ ಬೆಚ್ಚನೆಯ ಚೀಲದವರೆಗೆ

ಹೊಸದಾಗಿ ಉದ್ಯಮಕ್ಕೆ ಕೈಹಾಕುವವರ ನಡುವೆ ಈಗ ‘ಡಿಸೈನ್ ಥಿಂಕಿಂಗ್’ ಎಂಬ ಮಾತು ಬಹಳ ಓಡಾಡುತ್ತಿದೆ. ಬಳಸುವವರ ಬದುಕನ್ನು ಕಂಡು, ಅಲ್ಲಿಂದ ವಸ್ತುವನ್ನು ರೂಪಿಸುವ ಬಗೆ ಇದು. ಇದರ ಚರಿತ್ರೆ ಹೇಳುವಾಗ ನಾನು ನಮ್ಮ ತಂಬಿಗೆಯಿಂದಲೇ ಶುರುಮಾಡುತ್ತೇನೆ.

1958ರಲ್ಲಿ ಅಮೆರಿಕದ ವಿನ್ಯಾಸಕಾರ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್ ಭಾರತ ಸರ್ಕಾರದ ಕೋರಿಕೆಯಂತೆ ದೇಶ ಸುತ್ತಿ ಒಂದು ವರದಿ ಕೊಟ್ಟರು. ಇಲ್ಲಿ ಕಂಡ ವಸ್ತುಗಳಲ್ಲೆಲ್ಲ ಅವರು ಮೆಚ್ಚಿದ್ದು ತಂಬಿಗೆಯನ್ನು. ಎಷ್ಟು ನೀರು ಹಿಡಿಯಬೇಕು, ಸೊಂಟಕ್ಕೋ ತಲೆಗೋ ಏರಿಸಿದಾಗ ಭಾರ ಹೇಗೆ ನಿಲ್ಲಬೇಕು, ಬಗ್ಗಿಸಿದರೆ ನೀರು ಹೇಗೆ ಬೀಳಬೇಕು, ತೊಳೆಯಲು ಕೈ ಒಳಗೆ ಹೋಗುತ್ತದೆಯೇ? ಇದನ್ನೆಲ್ಲ ಯಾರೋ ಒಬ್ಬರು ಕೂತು ಯೋಚಿಸಿದ್ದಲ್ಲ, ತಲೆಮಾರುಗಳ ಬಳಕೆ ತಿದ್ದಿದ್ದು. ಆ ವರದಿಯ ಬೆನ್ನಿಗೇ, 1961ರಲ್ಲಿ, ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು.

1969ರಲ್ಲಿ ಅಮೆರಿಕದ ವಿದ್ವಾಂಸ ಹರ್ಬರ್ಟ್ ಸೈಮನ್ ವಿನ್ಯಾಸವನ್ನು ಒಂದು ಶಾಸ್ತ್ರವಾಗಿಯೇ ವಿವರಿಸಿದರು. 1991ರಲ್ಲಿ ಡೇವಿಡ್ ಕೆಲ್ಲಿ ಮತ್ತು ಸಂಗಡಿಗರು ಕ್ಯಾಲಿಫೋರ್ನಿಯಾದಲ್ಲಿ ಐಡಿಯೊ ಕಂಪನಿ ಕಟ್ಟಿ ಈ ಬಗೆಯ ವಿನ್ಯಾಸವನ್ನು ವ್ಯಾಪಾರಕ್ಕೆ ತಂದರು. ಮುಂದೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಅದೇ ಪಾಠವಾಯಿತು.

ಆ ತರಗತಿಯಲ್ಲಿ 2007ರಲ್ಲಿ ಜೇನ್ ಚೆನ್, ರಾಹುಲ್ ಪಣಿಕ್ಕರ್ ಮೊದಲಾದವರ ತಂಡಕ್ಕೆ ಸಿಕ್ಕ ಕೆಲಸ: ದಿನ ತುಂಬದೆ ಹುಟ್ಟಿದ ಕೂಸುಗಳಿಗೆ ಅಗ್ಗದ ಇನ್‌ಕ್ಯುಬೇಟರ್. ಆಗ ಮಾಮೂಲಿ ಯಂತ್ರದ ಬೆಲೆ ಸುಮಾರು 20,000 ಡಾಲರ್ ಇತ್ತು. ಬಿಡಿಭಾಗ ಕಡಿಮೆ ಮಾಡಿ ದರ ಇಳಿಸಬಹುದಿತ್ತು. ಆದರೆ ನೇಪಾಳದ ಆಸ್ಪತ್ರೆಗೆ ಹೋಗಿ ನೋಡಿದರೆ, ದಾನ ಬಂದ ಇನ್‌ಕ್ಯುಬೇಟರ್‌ಗಳು ಖಾಲಿ ಬಿದ್ದಿದ್ದವು! ಕೂಸುಗಳು ಹುಟ್ಟುತ್ತಿದ್ದದ್ದು ದೂರದ ಹಳ್ಳಿಗಳಲ್ಲಿ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮೈ ತಣ್ಣಗಾಗಿ ಜೀವ ಹೋಗುತ್ತಿತ್ತು. ಬೇಕಿದ್ದದ್ದು ಅಗ್ಗದ ಯಂತ್ರವಲ್ಲ, ತಾಯಿಯ ಕೈಯಲ್ಲೇ ಇರಬಹುದಾದ ಬಿಸುಪು. ಹಾಗೆ ಹುಟ್ಟಿದ್ದು ‘ಎಂಬ್ರೇಸ್’: ಕೂಸು ಮಲಗುವಷ್ಟು ಪುಟ್ಟ ಚೀಲ, ಅದರೊಳಗೆ ಮೇಣದಂಥ ವಸ್ತುವಿನ ಪೊಟ್ಟಣ. ಒಮ್ಮೆ ಕಾಯಿಸಿದರೆ ಗಂಟೆಗಟ್ಟಲೆ 37 ಡಿಗ್ರಿಯ ಆಸುಪಾಸಿನಲ್ಲಿ ಬಿಸಿ ಉಳಿಯುತ್ತದೆ.

ತಂಡ ಬೆಂಗಳೂರಿಗೆ ಬಂದು ನೆಲೆನಿಂತಿತು. ಮಾದರಿಯನ್ನು ಹಳ್ಳಿಯ ತಾಯಂದಿರಿಗೆ ತೋರಿಸಿದಾಗ ಒಬ್ಬಾಕೆ, ಇಂಗ್ಲಿಷ್ ಔಷಧಿ ಬಹಳ ಜೋರು, ವೈದ್ಯರು ಒಂದು ಚಮಚ ಎಂದರೆ ನಾನು ಅರ್ಧವೇ ಕೊಡುವುದು, ಇದನ್ನೂ 37ಕ್ಕೆ ಬದಲು ಕಡಿಮೆಯೇ ಕಾಯಿಸುತ್ತೇನೆ ಎಂದಳಂತೆ. ತಾಯಿಯ ಕಾಳಜಿಯೇ ಕೂಸಿಗೆ ಮುಳುವಾಗಬಹುದಿತ್ತು. ತಂಡ ಅಂಕಿಗಳನ್ನೇ ತೆಗೆದು, ಬಿಸಿ ಸರಿಯಿದೆ ಅಥವಾ ಸರಿಯಿಲ್ಲ ಎಂದಷ್ಟೇ ತಿಳಿಸುವ ಗುರುತು ಇಟ್ಟಿತು. ಈ ಚರಿತ್ರೆಯಲ್ಲೆಲ್ಲ ನನಗೆ ಅತಿ ದೊಡ್ಡದಾಗಿ ಕಾಣುವುದು ಈ ಸಣ್ಣ ತಿದ್ದುಪಡಿ. ಪ್ರಯೋಗಾಲಯದಲ್ಲಿ ಎಷ್ಟು ವರ್ಷ ಕೂತರೂ ಅದು ಹೊಳೆಯುತ್ತಿರಲಿಲ್ಲ.

ಉದ್ಯಮ ಶುರುಮಾಡಬೇಕೆಂದಿರುವ ಗೆಳೆಯರೇ, ಬ್ಯಾಂಕಿಗೆ ಸಾಲದ ಅರ್ಜಿ ಹಾಕುವ ಮೊದಲು ನಿಮ್ಮ ವಸ್ತುವನ್ನು ಬಳಸಬೇಕಾದವರ ಮನೆಗೆ, ಹೊಲಕ್ಕೆ, ಅಂಗಡಿಗೆ ಹೋಗಿ. ರಟ್ಟಿನಲ್ಲೋ ಬಟ್ಟೆಯಲ್ಲೋ ಮಾಡಿದ ಒಂದು ಮಾದರಿ ಅವರ ಕೈಗಿಟ್ಟು, ಅವರು ಏನು ಮಾಡುತ್ತಾರೆಂದು ಸುಮ್ಮನೆ ನೋಡಿ.