ಹೊಸ ಪಿಸ್ತೂಲಿನೊಡನೆ ಗುರಿಯ ಬಯಲಿನಲ್ಲಿ

ತುಳುನಾಡಿನಲ್ಲಿ ಬಂದೂಕಿಗೂ ಜಾತ್ರೆಯ ಸಿಡಿಮದ್ದಿಗೂ ‘ಬೆಡಿ’ ಎಂಬುದೊಂದೇ ಹೆಸರು. ಅಡಿಕೆ ತೋಟಕ್ಕೆ ನುಗ್ಗುವ ಹಂದಿಯನ್ನೂ ಮಂಗವನ್ನೂ ಬೆದರಿಸಲು ಇಟ್ಟುಕೊಂಡ ಕೋವಿಯು ಚುನಾವಣೆ ಬಂದೊಡನೆ ಪೋಲೀಸು ಠಾಣೆಯನ್ನು ಸೇರಿ, ಅದು ಮುಗಿದ ಮೇಲೆ ಮನೆಗೆ ಮರಳುವುದನ್ನು ದಕ್ಷಿಣ ಕನ್ನಡದ ಕೃಷಿಕರೆಲ್ಲರೂ ಬಲ್ಲರು. ಹೀಗಿರುವಾಗ ಮಂಗಳೂರಿನವರಿಗೆ ಬಂದೂಕು ಹೊಸ ವಸ್ತುವೇನೂ ಅಲ್ಲ. ಆದರೆ ಕೋವಿಯ ಪರಿಚಯವನ್ನೇ ನೆಚ್ಚಿಕೊಂಡು ಪಿಸ್ತೂಲನ್ನು ಕೈಗೆತ್ತಿಕೊಳ್ಳುವುದು ಅಪಾಯಕರವಾದುದು. ಅದೇಕೆಂಬುದನ್ನು ಈ ಹೊತ್ತು ಕೇಳುಗರ ಮುಂದಿಡಬೇಕೆಂದಿದ್ದೇವೆ.

ನಮ್ಮ ಮಿತ್ರರೊಬ್ಬರು, ಬ್ಯಾಂಕಿನ ಕೆಲಸದಿಂದ ನಿವೃತ್ತರಾದವರು, 32 ಬೋರಿನ ಹೊಸ ಪಿಸ್ತೂಲೊಂದನ್ನು ಕೊಂಡರು. 9 ಮಿಲಿಮೀಟರಿನದು ಸಾಮಾನ್ಯ ನಾಗರಿಕರಿಗೆ ನಿಷಿದ್ಧವಾದುದರಿಂದ, ಪರವಾನಗಿಯುಳ್ಳವರಿಗೆ ದೊರೆಯುವುದು ಬಹುಮಟ್ಟಿಗೆ ಇದೇ. ಇದರ ತೋಟಾವನ್ನು ಅಮೆರಿಕದ ಬ್ರೌನಿಂಗ್ ಎಂಬ ಶಿಲ್ಪಿಯು ರೂಪಿಸಿ 1899ರಷ್ಟು ಹಿಂದೆಯೇ ಬಳಕೆಗೆ ತಂದನು. 1959ರ ಆಯುಧ ಕಾಯಿದೆಯಡಿ 2016ರಲ್ಲಿ ಬಂದ ನಿಯಮಗಳು ಪರವಾನಗಿ ಬೇಡುವವರಿಗೆ ಸುರಕ್ಷತೆಯ ತರಬೇತಿಯನ್ನು ವಿಧಿಸಿವೆ. ಅಷ್ಟು ಸಾಲದೆಂಬುದು ನಮ್ಮ ಅಭಿಪ್ರಾಯ. ಮಿತ್ರರಿಗೂ ಹಾಗೆಯೇ ತೋರಿದ್ದರಿಂದ, ಅನುಭವಿಗಳಾದ ಶಿಕ್ಷಕರೊಬ್ಬರೊಡನೆ ಗುರಿಯ ಬಯಲಿಗೆ ಹೋದೆವು.

ಒಂಟಿ ನಳಿಗೆಯ ಕೋವಿ ಒಮ್ಮೆ ಸದ್ದು ಮಾಡಿತೆಂದರೆ ಬರಿದಾಯಿತೆಂದೇ ಅರ್ಥ. ಮತ್ತೆ ಕೈಯಿಂದಲೇ ತುಂಬಬೇಕು. ಈ ಯಂತ್ರದ ಬಗೆ ಬೇರೆ. ಗುಂಡು ಹಾರಿದ ಬಲವೇ ಮೇಲಣ ಜಾರುಭಾಗವನ್ನು ಹಿಂದಕ್ಕೆ ತಳ್ಳಿ, ಸುಟ್ಟ ಚಿಪ್ಪನ್ನು ಹೊರಕ್ಕೆಸೆಯುತ್ತದೆ. ಒಳಗಿನ ಸುರುಳಿಯು ಅದನ್ನು ಮುಂದಕ್ಕೆ ಮರಳಿಸುವಾಗ, ಹಿಡಿಯೊಳಗಿನ ಮ್ಯಾಗಜೀನಿನಿಂದ ಇನ್ನೊಂದು ತೋಟಾ ನಳಿಗೆಯ ಬುಡವನ್ನು ಸೇರುತ್ತದೆ. ಸದ್ದು ಕಿವಿಯಿಂದ ಮರೆಯಾಗುವ ಮೊದಲೇ ಆಯುಧವು ಮತ್ತೆ ಸಿದ್ಧ.

ಮಿತ್ರರು ಐದು ತೋಟಾಗಳನ್ನು ತುಂಬಿ ಮೂರನ್ನು ಹಾರಿಸಿದರು. ಬಳಿಕ ಮ್ಯಾಗಜೀನನ್ನು ಹೊರಕ್ಕೆ ತೆಗೆದು, “ಖಾಲಿಯಾಯಿತು” ಎನ್ನುತ್ತ ನಮ್ಮ ಕಡೆಗೆ ತಿರುಗಲು ಅನುವಾದರು. ಶಿಕ್ಷಕರು ಥಟ್ಟನೆ ಅವರ ಮಣಿಕಟ್ಟನ್ನು ಹಿಡಿದು, ನಳಿಗೆಯನ್ನು ಎದುರಿನ ಮಣ್ಣದಿಬ್ಬದ ಕಡೆಗೇ ನಿಲ್ಲಿಸಿ, ಜಾರುಭಾಗವನ್ನು ಹಿಂದಕ್ಕೆಳೆದರು. ಹಿತ್ತಾಳೆಯ ತೋಟಾವೊಂದು ಚಿಮ್ಮಿ ಮೇಜಿನ ಮೇಲೆ ಉರುಳಿತು. ತುಸು ಹೊತ್ತು ಯಾರೂ ಮಾತನಾಡಲಿಲ್ಲ. ಮೊದಲು ಮ್ಯಾಗಜೀನು, ಅನಂತರ ನಳಿಗೆಯ ಬುಡ. ಅಲ್ಲಿ ಕಣ್ಣಿನಿಂದ ನೋಡಿ, ಬೆರಳಿನಿಂದಲೂ ಮುಟ್ಟಿ ತಿಳಿಯಬೇಕು ಎಂದು ಅವರು ಹತ್ತು ಬಾರಿಯಾದರೂ ಮಾಡಿಸಿದರು. ಗುರಿ ಕಲಿಸುವುದು ಅದಾದ ಮೇಲೆಯೇ.

ಗುರಿಯ ವಿಷಯದಲ್ಲಿಯೂ ಒಂದು ವಿನೋದ ನಡೆಯಿತು. ಗುಂಡುಗಳೆಲ್ಲ ಕಾಗದದ ಕೆಳಭಾಗಕ್ಕೇ ಬೀಳುತ್ತಿದ್ದುವು. ಹೊಸ ಪಿಸ್ತೂಲಿನಲ್ಲಿಯೇ ದೋಷವಿರಬೇಕೆಂದು ಮಿತ್ರರ ವಾದ. ಶಿಕ್ಷಕರು ಅವರಿಗೆ ತಿಳಿಯದಂತೆ ತೋಟಾಗಳ ನಡುವೆ ಮದ್ದಿಲ್ಲದ ಒಂದನ್ನು ಸೇರಿಸಿ ಕೊಟ್ಟರು. ಅದರ ಸರದಿ ಬಂದಾಗ ಕುದುರೆಯೆಳೆದರೂ ಸದ್ದಿಲ್ಲ, ಆದರೂ ನಳಿಗೆಯ ತುದಿ ನೆಲದತ್ತ ಬಾಗಿತು. “ಗುಂಡೇ ಇರಲಿಲ್ಲವಲ್ಲ, ಪಿಸ್ತೂಲು ತಲೆ ಬಗ್ಗಿಸಿದ್ದು ಯಾಕೆ ಮಾರಾಯ್ರೇ?” ಎಂದು ಶಿಕ್ಷಕರು ಕೇಳಿದಾಗ ಮಿತ್ರರೇ ನಕ್ಕುಬಿಟ್ಟರು. ಬರಲಿರುವ ಸದ್ದಿಗೆ ಕೈ ಮುಂದಾಗಿಯೇ ಬೆದರುವ ಈ ದೋಷಕ್ಕೆ ಮದ್ದೆಂದರೆ, ಗುರಿಮೊನೆಯ ಮೇಲೆ ಕಣ್ಣಿಟ್ಟು, ಗುಂಡು ಹಾರುವ ಗಳಿಗೆ ತನಗೇ ತಿಳಿಯದಷ್ಟು ಮೆಲ್ಲನೆ ಕುದುರೆಯನ್ನು ಒತ್ತುವುದು. 25 ಮೀಟರಿನ ಪಿಸ್ತೂಲು ಪಂದ್ಯದಲ್ಲಿ ಕುದುರೆಯ ಭಾರವು 1000 ಗ್ರಾಮಿಗಿಂತ ಕಡಮೆಯಿರಕೂಡದು; ನಿಧಾನವಾದ ಸುತ್ತಿನಲ್ಲಿ ಹತ್ತು ಅಂಕದ ವೃತ್ತದ ಅಗಲ ಬರಿಯ 50 ಮಿಲಿಮೀಟರು. ಹೊಸಬರು ಹಿನ್ನೂಕಿಲ್ಲದ ಗಾಳಿಪಿಸ್ತೂಲಿನಿಂದಲೇ ತೊಡಗುವುದು ಲೇಸೆಂದು ನಮಗೆ ತೋರುತ್ತದೆ. ಅದೇನೂ ಮಕ್ಕಳಾಟವಲ್ಲ, 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಬೆಂಗಳೂರಿನ ಪ್ರಕಾಶ್ ನಂಜಪ್ಪನವರು ಬೆಳ್ಳಿಯನ್ನು ಗೆದ್ದುದು ಅದರಿಂದಲೇ.

ಸಂಜೆಯ ವೇಳೆಗೆ ಮಿತ್ರರ ಗುಂಡುಗಳು ಕಾಗದದ ನಡುವಿಗೆ ಒಂದಿಷ್ಟು ಸಮೀಪಿಸಿದುವು. ಬೆವರಿದ ಕೈಯೂ ಕಡಲಿನ ಉಪ್ಪುಗಾಳಿಯೂ ಕೂಡಿದರೆ ಉಕ್ಕಿಗೆ ತುಕ್ಕು ಹಿಡಿಯಲು ಹೆಚ್ಚು ದಿನ ಬೇಡ. ಆ ಕಾರಣ ನಳಿಗೆಯನ್ನು ಒರಸಿ, ತೆಳುವಾಗಿ ಎಣ್ಣೆ ಸವರಿ, ಉಳಿದ ತೋಟಾಗಳನ್ನು ಎಣಿಸಿ ಲೆಕ್ಕ ಬರೆದುಕೊಂಡರು. ಪೆಟ್ಟಿಗೆಯ ಮುಚ್ಚಳವನ್ನು ಹಾಕುವ ಮುನ್ನ, ಯಾರೂ ಹೇಳದೆಯೇ, ಮತ್ತೊಮ್ಮೆ ನಳಿಗೆಯ ಬುಡಕ್ಕೆ ಬೆರಳಿಟ್ಟು ನೋಡಿದರು.