ಬೇಸಗೆಯಲ್ಲಿ ಮನೆಯ ತಂಪು



ಯುಗಾದಿ ಕಳೆದು ಬಿಸಿಲು ಬಲಿಯಿತೆಂದರೆ, ನಮ್ಮಲ್ಲಿ ನಾಲ್ವರು ಕೂಡಿದೆಡೆ ಮಾತು ಸೆಕೆಯಿಂದಲೇ ಮೊದಲಾಗುತ್ತದೆ. "ಇಂತಹ ಬಿಸಿಲನ್ನು ಹಿಂದೆಂದೂ ಕಂಡಿರಲಿಲ್ಲ" ಎಂದು ವರ್ಷವರ್ಷವೂ ಹೇಳುವುದು ನಮಗೆ ವಾಡಿಕೆ. ಈಗ ಅದು ಬರಿಯ ವಾಡಿಕೆಯ ಮಾತಾಗಿ ಉಳಿದಿಲ್ಲ. ತಂಪಿಗೆ ಹೆಸರಾದ ಬೆಂಗಳೂರಿನಲ್ಲಿಯೇ 2016ರ ಏಪ್ರಿಲ್ ತಿಂಗಳಿನಲ್ಲಿ ಉಷ್ಣತೆಯು 39.2 ಡಿಗ್ರಿ ಸೆಲ್ಸಿಯಸಿಗೆ ಏರಿತು. ಅಹಮದಾಬಾದಿನಲ್ಲಿ 2010ರ ಮೇ ತಿಂಗಳ ಧಗೆಯ ಕಾಲದಲ್ಲಿ, ಆ ತಿಂಗಳಿನ ಸಾಮಾನ್ಯ ಮರಣಸಂಖ್ಯೆಗಿಂತ 1,300ಕ್ಕೂ ಹೆಚ್ಚು ಮಂದಿ ಅಧಿಕವಾಗಿ ಮಡಿದರೆಂದು ತಜ್ಞರು ಲೆಕ್ಕಹಾಕಿದ್ದಾರೆ. ಆದುದರಿಂದ ಮನೆಯ ತಂಪೆಂಬುದು ಸುಖದ ವಿಚಾರವಷ್ಟೇ ಅಲ್ಲ. ಮನೆಯಲ್ಲಿರುವ ವೃದ್ಧರ, ಶಿಶುಗಳ, ರೋಗಿಗಳ ಪ್ರಾಣದ ವಿಚಾರ.

ಮನೆಯು ಕಾಯುವುದು ಹೇಗೆ? ಏಪ್ರಿಲ್ ತಿಂಗಳ ಕೊನೆಯ ವಾರದಲ್ಲಿ ಮಧ್ಯಾಹ್ನದ ಸೂರ್ಯನು ಬೆಂಗಳೂರಿನ ನೆತ್ತಿಯ ಮೇಲೆ ನೇರವಾಗಿ ನಿಲ್ಲುತ್ತಾನೆ. ಆಗ ಗೋಡೆಗಳಿಗೆ ತಗಲುವ ಬಿಸಿಲು ಸ್ವಲ್ಪ. ಅದರ ಭಾರವೆಲ್ಲವೂ ಚಾವಣಿಯ ಮೇಲೆ. ಹೊತ್ತಿಳಿದ ಮೇಲೆ ಪಡುವಣ ಗೋಡೆಯ ಸರದಿ. ಕಾಂಕ್ರೀಟಿನ ತಾರಸಿಯು ಹಗಲೆಲ್ಲ ಶಾಖವನ್ನು ಕುಡಿದು, ರಾತ್ರಿ ನಾವು ಮಲಗುವ ಹೊತ್ತಿಗೆ ಅದನ್ನು ಕೋಣೆಯೊಳಕ್ಕೆ ಕಾರುತ್ತದೆ.

ನಮ್ಮ ಹಿರಿಯರು ತಮ್ಮ ತಮ್ಮ ಸೀಮೆಗೆ ತಕ್ಕ ಉಪಾಯಗಳನ್ನು ಕಂಡುಕೊಂಡಿದ್ದರು. ಮೈಸೂರು ಸೀಮೆಯ ತೊಟ್ಟಿಮನೆಯಲ್ಲಿ ಬಿಸಿಗಾಳಿಯು ನಡುವಣ ಅಂಗಳದಿಂದ ಮೇಲಕ್ಕೇರಿ ಹೋಗುತ್ತಿತ್ತು. ಕಲಬುರಗಿ, ವಿಜಯಪುರಗಳ ಕಡೆಯ ಮಾಳಿಗೆಮನೆಯಲ್ಲಿ ದಪ್ಪನಾದ ಗೋಡೆಯೂ ಮಣ್ಣಿನ ಮೇಲ್ಮುದ್ದೆಯೂ ಬಿಸಿಲನ್ನು ಹೊರಗೇ ತಡೆಯುತ್ತಿದ್ದುವು. ಕರಾವಳಿಯಲ್ಲಿ ಇಳಿಜಾರಿನ ಹಂಚಿನ ಮಾಡು ಗಾಳಿಯಾಡಲು ಎಡೆಗೊಡುತ್ತಿತ್ತು. ಆ ಮನೆಗಳಲ್ಲಿ ಕತ್ತಲೆಯೂ ಉಂಟು, ಸೋರುವ ಕಾಟವೂ ಉಂಟು. ನಾವೆಲ್ಲರೂ ಅವುಗಳಿಗೆ ಮರಳಬೇಕೆಂದು ನಾನು ಹೇಳುವುದಿಲ್ಲ. ಅವುಗಳ ಮರ್ಮವನ್ನು ನಮ್ಮ ಇಂದಿನ ಮನೆಗಳಿಗೂ ತರಬಹುದು.

ಆ ಮರ್ಮವು ಇಷ್ಟೆ: ಹಗಲು ಮುಚ್ಚು, ರಾತ್ರಿ ತೆರೆ. ಬಿಸಿಲೇರುವ ಮುನ್ನವೇ ಕಿಟಕಿಗಳನ್ನು ಮುಚ್ಚಬೇಕು. ಕಿಟಕಿಯ ಒಳಗೆ ಇಳಿಬಿಟ್ಟ ಪರದೆಗಿಂತ, ಹೊರಗೆ ಕಟ್ಟಿದ ಬಿದಿರಿನ ತಟ್ಟಿ ಮೇಲು. ಗಾಜನ್ನು ದಾಟಿದ ಬಿಸಿಲು ಒಳಗೇ ಉಳಿದುಬಿಡುತ್ತದೆ. ಸಂಜೆ ಹೊರಗಿನ ಗಾಳಿಯು ತಣ್ಣಗಾದ ಮೇಲೆ ಎದುರುಬದುರಿನ ಕಿಟಕಿಗಳನ್ನು ತೆರೆದಿಡಬೇಕು. ಸೊಳ್ಳೆಯ ಬಾಧೆಗೆ ಜಾಲರಿಯೇ ಪರಿಹಾರ. ತಾರಸಿಗೆ ಬೇಸಗೆಯ ಮೊದಲಲ್ಲಿ ಬಿಳಿಯ ಸುಣ್ಣವನ್ನು ಬಳಿಸಿದರೆ, ಬಿದ್ದ ಬಿಸಿಲಿನ ಬಹುಭಾಗವು ಬಂದ ದಾರಿಯಲ್ಲೇ ಹಿಂದಿರುಗುತ್ತದೆ.

ನೀರಿನ ಉಪಯೋಗವನ್ನು ಮಾತ್ರ ಸ್ಥಳವರಿತು ಮಾಡಬೇಕು. ಒಂದು ಲೀಟರು ನೀರು ಆವಿಯಾಗುವಾಗ ಹೀರುವ ಶಾಖವು ಸುಮಾರು ಏಳು ಲೀಟರು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಲ್ಲುದು. ಆದುದರಿಂದ ಒಣಹವೆಯ ರಾಯಚೂರಿನಲ್ಲಿ ನೀರು ಚಿಮುಕಿಸಿದ ಲಾವಂಚದ ತಟ್ಟಿಯು ಕೋಣೆಯನ್ನು ಚೆನ್ನಾಗಿ ತಣಿಸುತ್ತದೆ. ಮಂಗಳೂರಿನ ತೇವದ ಗಾಳಿಯಲ್ಲಿ ಅದರಿಂದ ಪ್ರಯೋಜನ ಕಡಮೆ. ಅಲ್ಲಿ ಗಾಳಿಯ ಸಂಚಾರವೇ ಮುಖ್ಯ. ವಿದ್ಯುತ್ ಪಂಖವು ತಣಿಸುವುದು ಬೆವರಿದ ಮೈಯನ್ನು, ಕೋಣೆಯನ್ನಲ್ಲ. ಬರಿಯ ಕೋಣೆಯಲ್ಲಿ ಅದು ತಿರುಗುವುದು ವ್ಯರ್ಥ. ಹವಾನಿಯಂತ್ರಣದ ಯಂತ್ರವಾದರೋ ನಮ್ಮ ಕೋಣೆಯ ಶಾಖವನ್ನು ಬೀದಿಗೆ ಎಸೆಯುತ್ತದೆ. ನಮ್ಮ ತಂಪು ನೆರೆಯವರ ಸೆಕೆಯಾಗುತ್ತದೆ.

ಈ ನೆರೆಯವರ ವಿಚಾರವನ್ನೇ ಕೊನೆಗೆ ಹೇಳಬೇಕಾಗಿದೆ. ತಗಡಿನ ಮಾಡಿನ ಕೆಳಗೆ ಒಂದೇ ಕೋಣೆಯಲ್ಲಿ ಬಾಳುವವರಿಗೆ ನಾನು ಹೇಳಿದ ಉಪಾಯಗಳಲ್ಲಿ ಹಲವು ಎಟುಕುವಂಥವಲ್ಲ. ಹೊಂಗೆಯ ನೆರಳನ್ನು ತಾಯಿಯ ಮಡಿಲಿಗೆ ಹೋಲಿಸುವುದು ನಮ್ಮ ಜನರ ಹಳೆಯ ರೂಢಿ. ಬೀದಿಯಲ್ಲಿ ನೆಟ್ಟ ಒಂದು ಹೊಂಗೆಯ ಮರವು ಉಳ್ಳವರಿಗೂ ಇಲ್ಲದವರಿಗೂ ಸಮನಾಗಿ ನೆರಳೀಯುತ್ತದೆ. ಮರ ಬೆಳೆಯುವವರೆಗೆ, ತಂಪಾದ ನಡುಮನೆಯುಳ್ಳವರು ನೆರೆಯ ಅಜ್ಜಿಯನ್ನೋ ಬಾಣಂತಿಯನ್ನೋ ಮಧ್ಯಾಹ್ನದ ಹೊತ್ತು ಒಳಕ್ಕೆ ಕರೆಯಬಹುದು. ಬಿಸಿಲಿನಿಂದ ಮೈ ಕೆಂಡವಾಗಿ ಮಾತು ತೊದಲುವವರನ್ನು ಕಂಡರೆ, ತಡಮಾಡದೆ ನೆರಳಿಗೆ ಸಾಗಿಸಿ, ಮೈಗೆ ನೀರು ಹಾಕಿ, ಗಾಳಿ ಬೀಸುತ್ತ ವೈದ್ಯರಲ್ಲಿಗೆ ಒಯ್ಯಬೇಕು. ಬಾಗಿಲು ಮುಚ್ಚಬೇಕಾದುದು ಬಿಸಿಲಿಗೆ, ನೆರೆಯವರಿಗಲ್ಲ.