ಚಕ್ರವಾಕ ಬಂದಿಳಿದ ದಂಡೆ



ತೆಲಂಗಾಣದ ಶಾಂತಿನಗರದಲ್ಲಿ ಮಕ್ಕಳು ಬರೆದ ಹಕ್ಕಿ ಚಿತ್ರಗಳ ಈ ಪ್ರದರ್ಶನಕ್ಕೆ ಬರುವ ಮುಂಚೆ, ನಸುಕಿನಲ್ಲಿ ರಾಜೋಳಿಬಂಡಾ ತಿರುವು ಯೋಜನೆಯ, ಅಂದರೆ ಆರ್‌ಡಿಎಸ್ ಕಾಲುವೆಯ ಏರಿಯ ಮೇಲೆ ಅರ್ಧ ತಾಸು ನಿಂತಿದ್ದೆ. ಮಂಜು ಇನ್ನೂ ಪೂರ್ತಿ ಸರಿದಿರಲಿಲ್ಲ. ನನ್ನಿಂದ ಹತ್ತು ಹೆಜ್ಜೆ ದೂರದಲ್ಲಿ ಒಂದು ಬಿಳಿ ಸಿಪಿಲೆ ಓಡಾಡುತ್ತಿತ್ತು. ಗುಬ್ಬಿಯ ಹಾಗೆ ಅದು ಕುಪ್ಪಳಿಸುವುದಿಲ್ಲ, ನಮ್ಮ ಹಾಗೆ ಒಂದೊಂದೇ ಹೆಜ್ಜೆ ಇಟ್ಟು ನಡೆಯುತ್ತದೆ. ನಾಲ್ಕು ಹೆಜ್ಜೆ ಓಡಿ, ನಿಂತು, ಉದ್ದ ಬಾಲವನ್ನು ಮೇಲೆ ಕೆಳಗೆ ಆಡಿಸಿ, ಹಸಿ ಮಣ್ಣಿನಿಂದ ಏನನ್ನೋ ಹೆಕ್ಕಿ ನುಂಗಿತು. ಎದೆಯ ಮೇಲೆ ಕರಿ ಪಟ್ಟಿ, ಮುಖವೆಲ್ಲ ಬಿಳುಪು. ಹಾಲು ಹಾಕಲು ಹೊರಟಿದ್ದ ಒಬ್ಬ ತಮ್ಮ ಬೈಕ್ ನಿಲ್ಲಿಸಿ, "ಏನು ಕಳ್ಕೊಂಡೀರಿ ಸರ?" ಅಂತ ಕೇಳಿದ. ಹಕ್ಕಿ ತೋರಿಸಿದೆ. "ಇದು ದಿನಾ ಇರ್ತದಲ್ರಿ" ಅಂದ. ದಿನಾ ಇರುವುದಿಲ್ಲ ತಮ್ಮಾ. ಮಳೆಗಾಲ ಮುಗಿಯುವಾಗ ಬರುತ್ತದೆ, ಬಿಸಿಲು ಏರುವಾಗ ಹೋಗುತ್ತದೆ. ಅದು ಮೊಟ್ಟೆ ಇಟ್ಟು ಮರಿ ಮಾಡುವ ಸೀಮೆ ಹಿಮಾಲಯದಲ್ಲಿದೆ, ಅದರಾಚೆಯ ಸೈಬೀರಿಯದಲ್ಲಿದೆ.

ಆ ಕಾಲುವೆಯ ನೀರು ಕೂಡ ಹೊರಗಿನಿಂದಲೇ ಬರುತ್ತದೆ. ರಾಯಚೂರು ಜಿಲ್ಲೆಯ ರಾಜೋಳಿಬಂಡಾದಲ್ಲಿ ತುಂಗಭದ್ರೆಗೆ ಕಟ್ಟಿದ ಆಣೆಕಟ್ಟಿನಿಂದ ಹೊರಟು, ಮೊದಲು ಕರ್ನಾಟಕದ ಹೊಲಗಳನ್ನು ದಾಟಿ, ಆಮೇಲೆ ನಿಮ್ಮ ಹೊಲಕ್ಕೆ ಇಳಿಯುತ್ತದೆ. ನೀರಿನ ಪಾಲಿನ ಬಗ್ಗೆ ನಮ್ಮ ನಡುವೆ ಮಾತು ಬಂದಿದೆ, ಮುಂದೆಯೂ ಬರುತ್ತದೆ. ಹಕ್ಕಿಯ ಪಾಲಿನ ಬಗ್ಗೆ ಇದುವರೆಗೂ ಯಾರೂ ಜಗಳವಾಡಿಲ್ಲ, ಏಕೆಂದರೆ ನಾವು ಅದನ್ನು ಲೆಕ್ಕಕ್ಕೇ ಹಿಡಿದಿಲ್ಲ. ಲೆಕ್ಕಕ್ಕೆ ಹಿಡಿಯಿರಿ ಎಂದು ಕೇಳಲು ನಾನು ಬಂದಿದ್ದೇನೆ.

ಚಳಿಗಾಲದ ಹಕ್ಕಿ ನೋಡಬೇಕಾದರೆ ಕಡಲ ತೀರಕ್ಕೇ ಹೋಗಬೇಕು ಎಂಬ ಮಾತಿದೆ. ಕುಮಟಾದ ಅಘನಾಶಿನಿ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಕೆಸರು ಬಯಲಾದಾಗ ಹಕ್ಕಿಗಳು ಇಳಿಯುವ ಚೆಂದ ದೊಡ್ಡದು ನಿಜ. 2024ರಲ್ಲಿ ಆ ಅಳಿವೆಗೆ ಜಾಗತಿಕ ಮಹತ್ವದ ಜೌಗುನೆಲ ಎಂಬ ರಾಮ್ಸಾರ್ ಮಾನ್ಯತೆಯೂ ಸಿಕ್ಕಿತು. ನಮಗೆ ಕಡಲಿಲ್ಲ. ಆದರೆ ಆ ಕೆಸರು ನಮ್ಮಲ್ಲಿಯೂ ಇದೆ. ಮಳೆಗಾಲದಲ್ಲಿ ತುಂಬಿದ ಕೆರೆ, ಜುರಾಲಾದ ಹಿನ್ನೀರು, ಸುಂಕೇಸುಲದ ಮೇಲಿನ ತುಂಗಭದ್ರೆ, ಇವೆಲ್ಲ ದೀಪಾವಳಿ ಕಳೆದಂತೆ ದಿನಕ್ಕಿಷ್ಟು ಹಿಂದೆ ಸರಿಯುತ್ತವೆ. ಸರಿದಲ್ಲೆಲ್ಲ ಹಸಿ ಅಂಚು ಬಿಡುತ್ತದೆ. ಅದರಲ್ಲಿ ಹುಳ, ಹುಪ್ಪಟೆ, ಶಂಖದಹುಳು. ಗೊರವಗಳು ಉದ್ದ ಕೊಕ್ಕನ್ನು ಚುಚ್ಚಿ ಚುಚ್ಚಿ ಹುಡುಕುವುದು ಅದನ್ನೇ. ಕಡಲಿನಲ್ಲಿ ದಿನಕ್ಕೆರಡು ಸಲ ಆಗುವ ಇಳಿತ ನಮ್ಮಲ್ಲಿ ವರ್ಷಕ್ಕೊಂದು ಸಲ, ನಾಲ್ಕು ತಿಂಗಳು ನಿಧಾನವಾಗಿ ಆಗುತ್ತದೆ.

ಇನ್ನು ಚಕ್ರವಾಕ. ಕಾವ್ಯ ಓದಿದವರಿಗೆಲ್ಲ ಈ ಹೆಸರು ಗೊತ್ತು: ಹಗಲೆಲ್ಲ ಜೋಡಿಯಾಗಿದ್ದು, ರಾತ್ರಿ ಹೊಳೆಯ ಒಂದೊಂದು ದಡದಲ್ಲಿ ಅಗಲಿ ಕೂತು ಕೂಗುವ ಹಕ್ಕಿ. ತೆಲುಗಿನಲ್ಲೂ ಚಕ್ರವಾಕವೇ. ಬಹಳ ಜನ ಇದನ್ನು ಕವಿಗಳ ಕಲ್ಪನೆ ಎಂದುಕೊಂಡಿದ್ದಾರೆ. ನಾನೂ ಕಾಲೇಜು ಮುಗಿಯುವ ತನಕ ಹಾಗೇ ತಿಳಿದಿದ್ದೆ. ಆದರೆ ಇದು ನಿಜದ ಹಕ್ಕಿ: ಕಿತ್ತಳೆ ಕಂದು ಮೈ, ಮಾಸಲು ಬಿಳಿ ತಲೆ, ಹಾರಿದರೆ ರೆಕ್ಕೆಯಲ್ಲಿ ಅಗಲವಾದ ಬಿಳಿ. ಲಡಾಖ್, ಟಿಬೆಟ್‌ಗಳಲ್ಲಿ ಮರಿ ಮಾಡಿ, ಚಳಿಗಾಲಕ್ಕೆ ದೊಡ್ಡ ಹೊಳೆಗಳ ಮರಳ ದಿಬ್ಬಕ್ಕೆ ಬರುತ್ತದೆ. ನಾನು ಮೊದಲ ಸಲ ಕಂಡಾಗ ಜೋಡಿ ಮರಳಿನ ಮೇಲೆ ಒತ್ತಾಗಿ ನಿಂತಿತ್ತು. ಒಂದು ಕೂಗಿದರೆ ಇನ್ನೊಂದು ಓಗೊಡುತ್ತಿತ್ತು. ಮೂಗಿನಿಂದ ಬಂದಂಥ, ನೀರಿನ ಮೇಲೆ ಬಹಳ ದೂರ ಹೋಗುವ ದನಿ. ಕವಿ ಎಲ್ಲಿ ಕೂತು ಕೇಳಿರಬೇಕು ಎಂದು ಆಗ ತಿಳಿಯಿತು. ಮರಳೇ ಹೋದರೆ ಆ ಜೋಡಿ ಎಲ್ಲಿ ನಿಲ್ಲಬೇಕು? ಬೇಸಿಗೆಗೆ ಅದೇ ಮರಳಿನಲ್ಲಿ ಬರಿ ನೆಲಕ್ಕೆ ಮೊಟ್ಟೆ ಇಡುವ ರೀವ ಹಕ್ಕಿ ಎಲ್ಲಿ ಇಡಬೇಕು? ರಾತ್ರಿ ಮರಳು ತುಂಬಲು ಹೊಳೆಗೆ ಟ್ರ್ಯಾಕ್ಟರ್ ಇಳಿಸುವವರ ಕಿವಿಗೂ ಈ ಮಾತು ಬೀಳಲಿ.

ಭೀಮೆ ಕೃಷ್ಣೆಯನ್ನು ಸೇರುವ ತಂಗಡಿಯಿಂದ ಆಚೆಗೆ, ಸುರಪುರದ ಬೋನಾಳ ಕೆರೆಗೆ ಹೋದರೆ ಪಟ್ಟೆತಲೆಯ ಹೆಬ್ಬಾತು ಸಿಗುತ್ತದೆ. ಸುರಪುರದ ನಾಯಕರು ಕಟ್ಟಿಸಿ, 19ನೆಯ ಶತಮಾನದಲ್ಲಿ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಸುಧಾರಿಸಿದ ಕೆರೆ ಅದು. ಈ ಹೆಬ್ಬಾತಿನ ಬಿಳಿ ತಲೆಯ ಹಿಂಬದಿಗೆ ಎರಡು ಕರಿ ಪಟ್ಟೆ, ಎರಡು ಮೂರು ಕಿಲೋ ತೂಕ. ಹಿಮಾಲಯ ದಾಟುವಾಗ ಈ ಹಕ್ಕಿ 7,000 ಮೀಟರಿಗೂ ಮೇಲೆ ಹಾರಿದ್ದನ್ನು ಅದರ ಮೈಗೆ ಕಟ್ಟಿದ ಯಂತ್ರ ದಾಖಲಿಸಿದೆ. ಮಂಗೋಲಿಯಾದಲ್ಲಿ ಕೊರಳಿಗೆ ಅಂಕಿಯ ಪಟ್ಟಿ ತೊಡಿಸಿದ ಹೆಬ್ಬಾತುಗಳು ಮೈಸೂರು ಸೀಮೆಯ ಕೆರೆಗಳಲ್ಲಿ ಕಂಡಿವೆ. ಆ ಕಡೆಯ ಹೊಲದಲ್ಲಿ ಒಬ್ಬ ಹಿರಿಯರು ನನಗೆ ಹೇಳಿದ್ದರು: "ಹಗಲೊತ್ತು ಕೆರ್ಯಾಗ ತೂಕಡಿಸ್ತಾವ್ರಿ, ಹೊತ್ತು ಮುಳುಗಿದ್ರ ನಮ್ಮ ಕಡ್ಲಿ ಹೊಲಕ್ಕ ಊಟಕ್ಕ ಬರ್ತಾವು." ಸಿಟ್ಟು ಬರುವುದಿಲ್ಲವೇ ಎಂದೆ. "ಬರ್ತದ. ಆದ್ರ ಅಷ್ಟು ದೂರದಿಂದ ಬಂದದ್ದಕ್ಕ ಕಲ್ಲು ಹ್ಯಾಂಗ ಹೊಡೀಲಿ?" ಆ ಸಿಟ್ಟು, ಆ ಮರುಕ ಎರಡೂ ನಿಜವೇ. ಬೆಳೆ ಕಳೆದುಕೊಂಡವನಿಗೆ ಹಕ್ಕಿಯ ಹಿರಿಮೆಯನ್ನು ಮಾತ್ರ ಹೇಳಿ ಬರುವುದು ನನ್ನಿಂದಾಗುವುದಿಲ್ಲ. ಅಂಥ ಊರುಗಳಲ್ಲಿ ರೈತನ ನಷ್ಟಕ್ಕೂ ಒಂದು ದಾರಿ ಆಗಬೇಕು.

ಹೊಳೆಗೆ ಹೋಗಲಾಗದವರು ಊರಿನ ಸಣ್ಣ ಉದ್ಯಾನವಾದ ಪಲ್ಲೆ ಪ್ರಕೃತಿ ವನಕ್ಕೆ ಹೋಗಿ. ಗಿಡಗಳು ಈಗ ಆಳೆತ್ತರ ದಾಟಿವೆ. ಎಲೆಗಳ ನಡುವೆ ಹಸಿರು ಮಿಶ್ರಿತ ಬೂದು ಬಣ್ಣದ, ಹೆಬ್ಬೆರಳಿಗಿಂತ ತುಸು ದೊಡ್ಡ ಎಲೆಯಕ್ಕಿ ಒಂದು ಕ್ಷಣವೂ ನಿಲ್ಲದೆ ಹುಳ ಹೆಕ್ಕುತ್ತಿರುತ್ತದೆ. ಎಂಟು ಗ್ರಾಮಿನ ಆಸುಪಾಸು ತೂಕದ ಆ ಜೀವವೂ ಉತ್ತರದ ಬೆಟ್ಟಗಳನ್ನು ಬಿಟ್ಟು ಬಂದದ್ದು. ನಿಮ್ಮ ಹತ್ತಿ ಬೀಜದ ಹೊಲಕ್ಕೆ ಹೊಡೆಯುವ ಔಷಧಿ ಆ ಹಕ್ಕಿ ತಿನ್ನುವ ಹುಳದಲ್ಲೂ ಇರುತ್ತದೆ ಎಂಬುದು ನೆನಪಿರಲಿ.

ಪಕ್ಷಿತಜ್ಞ ಸಲೀಂ ಅಲಿಯವರು 1931–32ರಲ್ಲಿ ನಿಜಾಮರ ಹೈದರಾಬಾದ್ ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದರು. ಆಗ ರಾಯಚೂರು, ಮಕ್ತಲ್, ಗದ್ವಾಲ ಎಲ್ಲ ಒಂದೇ ಸಂಸ್ಥಾನದಲ್ಲಿದ್ದವು. 1956ರಲ್ಲಿ ನಡುವೆ ರಾಜ್ಯಗಳ ಗೆರೆ ಬಿತ್ತು. ಆ ಸಮೀಕ್ಷೆಗೆ ಒಂದು ಶತಮಾನ ತುಂಬುತ್ತ ಬಂತು. ಮುಂದಿನ ಪಟ್ಟಿ ಬರೆಯುವವರು ಈ ಸಭೆಯ ಮುಂದಿನ ಸಾಲಿನಲ್ಲಿ ಕೂತಿದ್ದಾರೆ. ಪ್ರತಿ ವರ್ಷ ಜನವರಿಯಲ್ಲಿ ಏಷ್ಯಾದ ಉದ್ದಗಲಕ್ಕೂ ನೀರಹಕ್ಕಿಗಳ ಗಣತಿ ನಡೆಯುತ್ತದೆ. ಫೆಬ್ರವರಿಯಲ್ಲಿ ನಾಲ್ಕು ದಿನ ಮನೆಯಂಗಳದ ಹಕ್ಕಿ ಎಣಿಕೆ. ಅದಕ್ಕೆ ಹದಿನೈದು ನಿಮಿಷ ಒಂದೆಡೆ ನಿಂತು ಎಣಿಸಿದರೂ ಸಾಕು. ಸೂರ್ಯ ಬೆನ್ನಿಗಿರಲಿ, ಬಟ್ಟೆ ಮಣ್ಣಿನ ಬಣ್ಣದ್ದಿರಲಿ, ಫೋಟೋಗಾಗಿ ಹಿಂಡನ್ನು ಎಬ್ಬಿಸಬೇಡಿ.

ಹೊರಗೆ ಚಿತ್ರಗಳ ಪಕ್ಕದಲ್ಲಿ ಮಕ್ಕಳು ಒಂದು ಬಿಳಿ ಹಲಗೆ ಇಟ್ಟಿದ್ದಾರೆ. ಒಂದು ಕಡೆ ಹಕ್ಕಿಯ ಚಿತ್ರ, ಎದುರಿಗೆ ಎರಡು ಖಾಲಿ ಮನೆ: ಕನ್ನಡದಲ್ಲಿ ಏನಂತೀರಿ, ತೆಲುಗಿನಲ್ಲಿ ಏನಂತೀರಿ? ಬೆಳ್ಳಕ್ಕಿಯ ಎದುರು ಯಾರೋ ಆಗಲೇ 'ಕೊಂಗ' ಎಂದು ತುಂಬಿದ್ದಾರೆ. ಸಿಪಿಲೆಯ ಎದುರು ಇನ್ನೂ ಖಾಲಿ ಇದೆ. ಮನೆಯಲ್ಲಿರುವ ಅಜ್ಜ, ಅಜ್ಜಿಯರನ್ನು ನಾಳೆ ಕರೆತನ್ನಿ, ಅವರ ಬಾಯಲ್ಲಿ ಹೆಸರುಗಳಿವೆ. ಈಗ ನಾನು ದೀಪ ಹಚ್ಚುತ್ತೇನೆ. ನಾಳೆ ಬೆಳಿಗ್ಗೆ ಆರೂವರೆಗೆ ಕಾಲುವೆ ಏರಿಯ ಮೇಲೆ ಸಿಗೋಣ, ಸ್ವೆಟರ್ ಹಾಕಿಕೊಂಡು ಬನ್ನಿ.